ಪಾಡ್ಯದ ದಾಳ

ಸುಧನ್ವನಿಗೆ ಬೇರೆ ಕೆಲಸವಿಲ್ಲ ನೋಡಿ. ದೀಪಾವಳಿಗೆ ನಾಲ್ಕು ಜನರನ್ನು ಊಟಕ್ಕೆ ಕರೆದವನು ಹೋಳಿಗೆ ಬಡಿಸಿ, ಎಲೆ ಅಡಿಕೆ ಕೊಟ್ಟು ಕಳಿಸಬಾರದೆ? ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ತನ್ನ ಮನೆಯ ಗರಾಜಿನಿಂದ ಎರಡೂ ಕಾರುಗಳನ್ನು ರಸ್ತೆಗೆ ಹಾಕಿ, ಅಲ್ಲೊಂದು ಉದ್ದನೆಯ ಮೇಜನ್ನು ಬಾಡಿಗೆಗೆ ತಂದು ನಿಲ್ಲಿಸಿದ್ದ. ಮೇಲೆ ಹಸಿರು ಬಟ್ಟೆ, ಸುತ್ತ ತೊಟ್ಟಿಯ ಹಾಗೆ ಎತ್ತರದ ಅಂಚು. ಕ್ಯಾಸಿನೋಗಳಲ್ಲಿ ಕ್ರ್ಯಾಪ್ಸ್ ಎನ್ನುವ ದಾಳದಾಟಕ್ಕೆ ಇಡುತ್ತಾರಲ್ಲ, ಅಂಥದ್ದೇ.

"ನಿಜವಾದ ದುಡ್ಡಿಲ್ಲ ಕಣ್ರಪ್ಪಾ, ಬರೀ ಪ್ಲಾಸ್ಟಿಕ್ ಚಿಪ್ಸು! ಜಾಸ್ತಿ ಗೆದ್ದೋರಿಗೆ ಒಂದು ಇನ್‌ಸ್ಟಂಟ್ ಪಾಟ್ ಕುಕ್ಕರ್ ಗಿಫ್ಟು!" ಎಂದು ಸುಧನ್ವ ಕೂಗಿದಾಗ ಗರಾಜಿನ ತುಂಬ ನಗು. ಊಟಕ್ಕೆ ಬಂದಿದ್ದ ಮಾಧುರಿ ಒಬ್ಬಳು ನಗಲಿಲ್ಲ. ಅವಳು ತಿರುಗಿ ಗಂಡನ ಮುಖ ನೋಡಿದಳು. ಗುರುಕಿರಣ ಮೇಜನ್ನೇ ನೋಡುತ್ತಿದ್ದ.

ಎರಡು ವರ್ಷದ ಹಿಂದಿನವರೆಗೆ ಈ ಮನುಷ್ಯ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಎಂದು ಸುಳ್ಳು ಹೇಳಿ, ಬೆಟ್ಟ ದಾಟಿ ನೆವಾಡಾದ ಕ್ಯಾಸಿನೋಗಳಿಗೆ ಹೋಗಿ, ಇಂಥ ಮೇಜಿಗೇ ಅಂಟಿಕೊಂಡು ನಿಲ್ಲುತ್ತಿದ್ದ. ಸೋತರೆ ಪಣ ಇಮ್ಮಡಿ ಮಾಡು, ಮತ್ತೆ ಸೋತರೆ ಮತ್ತೆ ಇಮ್ಮಡಿ, ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲುತ್ತೇವಲ್ಲ ಎನ್ನುವುದು ಅವನ ತಂತ್ರ. ಮಾಧುರಿಯ ಕೆಲಸವೇ ಔಷಧ ಪರೀಕ್ಷೆಗಳ ಅಂಕಿಅಂಶ ನೋಡುವುದು. ಸಾಲಾಗಿ ಸೋಲುವ ದಿನವೊಂದು ಬಂದೇ ಬರುತ್ತದೆ, ಅವತ್ತು ಇಮ್ಮಡಿ ಮಾಡುವುದಕ್ಕೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ ಎಂದು ಅವನಿಗೆ ಬಿಡಿಸಿ ಹೇಳಿದ್ದಳು. ಅವನು ಹೂಂ ಹೂಂ ಅಂದ, ಹೋದ. ಆ ದಿನವೂ ಬಂತು. ಮನೆ ಕೊಳ್ಳಲು ಕೂಡಿಟ್ಟದ್ದೆಲ್ಲ ಮಣ್ಣುಪಾಲಾಯಿತು.

ಈಗ ಅವನು ವಾರಕ್ಕೊಮ್ಮೆ ಪಾಲೋ ಆಲ್ಟೋದಲ್ಲಿ ಜೂಜು ಬಿಟ್ಟವರ ಸಭೆಗೆ ಹೋಗುತ್ತಾನೆ. ಬಾಗಲಕೋಟೆಯಿಂದ ಬಂದಿರುವ ತಾಯಿ ಅಂಬವ್ವನಿಗೆ ಅದು ವಾಕಿಂಗ್ ಗುಂಪು ಎಂದು ಹೇಳಿದ್ದಾರೆ. ಅವ್ವನಿಗೆ ಗೊತ್ತಾದರೆ ತಲೆ ಎತ್ತಿ ಅವಳ ಮುಖ ನೋಡಲಾರೆ ಎಂದಿದ್ದ ಗುರುಕಿರಣ. ಇನ್ನೊಂದು ಮಾತನ್ನೂ ಹೇಳಿದ್ದ: "ರೊಕ್ಕ ಇರಲಿ, ಇಲ್ಲದಿರಲಿ ಮಾಧುರಿ, ದಾಳ ಒಮ್ಮಿ ಕೈಗೆ ಬಂತಂದ್ರ ನಾ ಮುಗದಂಗ." ಅದಕ್ಕೇ ಅವಳು ಮನೆಯಲ್ಲಿ ಹಾವು ಏಣಿ ಆಟವನ್ನು ಕೂಡ ಇಟ್ಟಿರಲಿಲ್ಲ.

"ರೀ, ನಡೀರಿ ಹೋಗೋಣು. ನನಗ ತಲಿ ಸಿಡ್ಯಾಕತ್ತೈತಿ," ಎಂದು ಅವನ ತೋಳು ಹಿಡಿದಳು. ಅವನು ತಿರುಗಿದ ಕೂಡ. ಆದರೆ ಅಂಬವ್ವ ಕುರ್ಚಿ ಬಿಟ್ಟು ಎದ್ದೇಬಿಟ್ಟಳು.

"ಅಯ್ಯ ಯವ್ವಾ, ಪಾಡ್ಯದ ದಿನಾ ದಾಳ ಹಾಕದ ಹೋಗತಾರೇನು? ನಮ್ಮ ಮನ್ಯಾಗ ಇವತ್ತ ಪಗಡಿ ಆಡೇ ಆಡತಿದ್ರು. ಇವತ್ತ ಗೆದ್ದರ ವರ್ಷಪೂರ್ತಿ ಗೆದ್ದಂಗ. ಬಾರೋ ಕಿರಣ್ಯಾ!"

ಮುದುಕಿಯ ಹಿಡಿತ ಅಂದರೆ ಹಿಡಿತ. ಮಗನನ್ನು ಮೇಜಿನ ತನಕ ಎಳೆದುಕೊಂಡು ಹೋಗಿ, ಕೆಂಪು ದಾಳಗಳೆರಡನ್ನೂ ಎತ್ತಿ ಅವನ ಅಂಗೈಯಲ್ಲಿ ಇಟ್ಟಳು, ಪ್ರಸಾದ ಕೊಟ್ಟ ಹಾಗೆ. ಗುರುಕಿರಣನ ಮುಖ ಬಿಳಿಚಿಕೊಂಡಿತು. ಆದರೆ ಬೆರಳುಗಳು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ದಾಳಗಳನ್ನು ಮೆಲ್ಲಗೆ ಹೊರಳಿಸುತ್ತ, ಹಳೆಯ ಚಟದಂತೆ, ಮೂರರ ಮುಖ ಮೇಲೆ ಬರುವಂತೆ ಜೋಡಿಸತೊಡಗಿದವು. ಅದನ್ನು ಕಂಡದ್ದೇ ಮಾಧುರಿ ಅವನ ಕೈಯಿಂದ ದಾಳಗಳನ್ನು ಕಿತ್ತುಕೊಂಡಳು.

"ಅತ್ತೀ, ಈ ವರ್ಷ ಸೊಸಿ ಹಾಕ್ತಾಳ್ರಿ! ಯಾವಾಗಲೂ ಗಂಡ್ಮಕ್ಕಳೇ ಯಾಕ?"

"ಹಾಗ್ ಹೇಳಿ ಮಾಧುರಿ!" ಎಂದು ಸುಧನ್ವನ ಹೆಂಡತಿ ಸಂಯುಕ್ತಾ ಚಪ್ಪಾಳೆ ಹೊಡೆದಳು.

"ಆತವಾ. ಮೊದಲ ನೀ, ಆಮ್ಯಾಲ ಅಂವ," ಎಂದು ಅಂಬವ್ವ ಮಗನನ್ನು ಸೊಸೆಯ ಎಡಕ್ಕೆ ನಿಲ್ಲಿಸಿದಳು.

ಸುಧನ್ವ ಆಟ ವಿವರಿಸಿದ. "ಮೊದಲನೇ ಸಲ ಏಳು ಇಲ್ಲಾ ಹನ್ನೊಂದು ಬಿದ್ರೆ ಗೆಲುವು. ಎರಡು, ಮೂರು, ಹನ್ನೆರಡು ಬಿದ್ರೆ ಸೋಲು. ಬೇರೆ ಏನೇ ಬಿದ್ರೂ ಅದು ನಿಮ್ಮ ಪಾಯಿಂಟು. ಆಮೇಲೆ ಆ ಪಾಯಿಂಟೇ ಮತ್ತೆ ಬೀಳೋವರೆಗೂ ಎಸೀತಾ ಇರ್ಬೇಕು. ಬಿದ್ರೆ ಎಲ್ಲಾರೂ ಗೆದ್ವಿ, ಹೊಸದಾಗಿ ಶುರು. ಅಷ್ಟರಲ್ಲಿ ಏಳು ಬಿತ್ತೋ, ನೀವು ಔಟು. ದಾಳ ಎಡಗಡೆಯವರಿಗೆ ಹೋಗತ್ತೆ."

ಎಡಗಡೆ ಯಾರಿದ್ದಾರೆ ಎಂದು ಮಾಧುರಿ ನೋಡಬೇಕಾಗಿರಲಿಲ್ಲ. ಅವನ ಉಸಿರು ಕೇಳಿಸುತ್ತಿತ್ತು.

ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಭಯವಿಲ್ಲ. ಅವಳಿಗೆ ಗೊತ್ತಿತ್ತು. ಎರಡು ದಾಳ ಮೂವತ್ತಾರು ರೀತಿಯಲ್ಲಿ ಬೀಳಬಹುದು, ಅದರಲ್ಲಿ ಆರು ರೀತಿ ಏಳೇ. ಬೇರೆ ಯಾವ ಸಂಖ್ಯೆಗೂ ಅಷ್ಟು ದಾರಿಗಳಿಲ್ಲ. ಪಾಯಿಂಟು ಒಂದು ಸಲ ನಿಂತ ಮೇಲೆ ಪ್ರತಿ ಎಸೆತದಲ್ಲೂ ಆರರಲ್ಲೊಂದು ಪಾಲು ಗಂಡ ಕೈಬಿಟ್ಟು ಹೋಗುವ ಸಂಭವ. ತಪ್ಪಿಸಿಕೊಳ್ಳುವ ಉಪಾಯವಿಲ್ಲ, ಮುಂದೂಡಬಹುದು ಅಷ್ಟೇ. ಸಂಯುಕ್ತಾ ಊಟಕ್ಕೆ ಕರೆಯುವವರೆಗೆ ಮುಂದೂಡಿದರೆ ಸಾಕಪ್ಪಾ ದೇವರೇ ಎಂದುಕೊಂಡು ಎಸೆದಳು.

ಎಂಟು. ಅದೇ ಪಾಯಿಂಟು. ಮತ್ತೆ ಎಸೆದಳು, ನಾಲ್ಕು. ಮತ್ತೆ, ಒಂಬತ್ತು. ದಾಳಗಳು ಎದುರಿನ ಅಂಚಿಗೆ ಬಡಿದು ಉರುಳುವಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಮುಂದಿನ ಎಸೆತದಲ್ಲಿ ಒಂದು ದಾಳ ಐದಕ್ಕೆ ನಿಂತು ಇನ್ನೊಂದು ಎರಡರ ಮೇಲೆ ತೂಗಾಡಿ, ಪುಣ್ಯಕ್ಕೆ ಮೂರಕ್ಕೆ ಹೊರಳಿತು. ಎಂಟು! ಗರಾಜು ಹೋ ಎಂದಿತು. ಅಂಬವ್ವ ಸೊಸೆಯ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಅವಳು ಮತ್ತೆ ಎಸೆದು ಹೊಸ ಪಾಯಿಂಟು ನಿಂತದ್ದೇ, "ಪಾಯಿಂಟಿನ ಹಿಂದ ಇನ್ನೊಂದಿಷ್ಟು ಚಿಪ್ಸು ಇಡು," ಎಂದು ಕಿವಿಯ ಬಳಿ ಗುರುಕಿರಣನ ದನಿ ಬಂತು. "ಆ ಪಣದಾಗ ಕ್ಯಾಸಿನೋದವರಿಗೆ ಒಂದ ಪೈಸಾ ಲಾಭ ಇಲ್ಲ. ಇಡು."

ಮಾತು ಸರಿಯೇ, ಲೆಕ್ಕವೂ ಸರಿಯೇ. ಆ ದನಿ ಮಾತ್ರ ಹಳೆಯ ಗುರುಕಿರಣನದು, ಒಣಗಿದ, ಆಸೆಬುರುಕ ದನಿ. ಏನೇ ಆಗಲಿ ದಾಳ ಇವನ ಕೈಗೆ ಹೋಗಕೂಡದು.

ಹೆದರಿದ ಮನುಷ್ಯ ಏನನ್ನಾದರೂ ನಂಬುತ್ತಾನೆ, ಅವಳೂ ನಂಬಿದಳು. ಕಳೆದ ಸಲ ಬಲಗಾಲು ಮುಂದಿಟ್ಟಾಗ ಏಳು ಬೀಳಲಿಲ್ಲವಲ್ಲ, ಈಗಲೂ ಬಲಗಾಲೇ ಮುಂದೆ ಇರಲಿ. ದಾಳಗಳಲ್ಲಿ ಮೂರರ ಮುಖ ಮೇಲಿರಲಿ. ಬಳೆ ಸದ್ದು ಮಾಡಬಾರದು. ದಾಳಕ್ಕೆ ಹಿಂದಿನದೇನೂ ನೆನಪಿರುವುದಿಲ್ಲ ಎಂದು ಗಂಡನಿಗೆ ನೂರು ಸಲ ಹೇಳಿದವಳು ಇವಳೇ ತಾನೆ? ಹೌದು ಮಾರಾಯ್ರೇ, ಇವಳೇ! ಈಗ ಬಳೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಷ್ಟಿಗೆ ಉಸಿರೂದಿ ಎಸೆಯುತ್ತಿದ್ದಳು. ಮತ್ತೊಂದು ಪಾಯಿಂಟು ಗೆದ್ದಳು. ಇನ್ನೊಂದು ಗೆದ್ದಳು. ನೆರೆದವರೆಲ್ಲ ತಮ್ಮ ಚಿಪ್ಸುಗಳನ್ನು ಅವಳ ಗೆಲುವಿನ ಮೇಲೆಯೇ ಸುರಿದರು. ಮುಂದಿನ ಪಾಯಿಂಟು ಆರು ಎಂದು ನಿಂತಿತು.

ಸಂಯುಕ್ತಾ ಬಾಗಿಲಲ್ಲಿ ನಿಂತು, "ಊಟ ರೆಡಿ, ಬನ್ನಿ ಎಲ್ಲಾರೂ!" ಎಂದಳು.

ಮಾಧುರಿ ಇಷ್ಟು ಹೊತ್ತು ಕಾದದ್ದು ಈ ಮಾತಿಗೇ. ದಾಳ ಕೆಳಗಿಟ್ಟು, ಗಂಡನ ಕೈ ಹಿಡಿದು ಎಲೆಯ ಮುಂದೆ ಕೂತಿದ್ದರೆ ಮುಗಿಯುತ್ತಿತ್ತು. ಅವಳಿಗೆ ಅದು ಕೇಳಿಸಲೇ ಇಲ್ಲ. ದಾಳಗಳನ್ನು ಮತ್ತೆ ಜೋಡಿಸುತ್ತಿದ್ದಳು.

ಅಂಬವ್ವ ಮಜ್ಜಿಗೆಯ ಲೋಟ ಹಿಡಿದು ಬಂದಳು. "ಸಾಕವಾ, ಒಂದ ಗುಟುಕು ಕುಡಿ. ಬೆವತೀ ನೋಡು."

"ದೂರ ಸರೀರಿ!" ಎಂದು ಮಾಧುರಿ ಚೀರಿದಳು. "ಮೇಜಿಗೆ ಕೈ ಹಚ್ಚಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ!"

ಹೇಳಿದ್ದು ಒಂದು ಸಲವೂ ಇಲ್ಲ. ಮದುವೆಯಾದಾಗಿನಿಂದ ಅತ್ತೆಯೆದುರು ಅವಳು ದನಿ ಏರಿಸಿದ್ದೇ ಇಲ್ಲ. ಲೋಟದ ಮಜ್ಜಿಗೆ ಅಂಬವ್ವನ ಸೀರೆಯ ಮೇಲೆ ತುಳುಕಿತು.

ಗುರುಕಿರಣ ಹೆಂಡತಿಯ ಮುಷ್ಟಿಯ ಮೇಲೆ ಕೈಯಿಟ್ಟ. ಅವನ ದನಿ ಈಗ ಒಣಗಿರಲಿಲ್ಲ. "ಮಾಧುರಿ. ಕೆಳಗ ಇಡು."

"ಇಡಂಗಿಲ್ಲ. ಇಟ್ರ ನಿಮಗ ಬರತಾವು."

"ನನಗ ಬ್ಯಾಡ ಅವು. ಕೈ ಬಿಚ್ಚು."

ಅವಳು ಬಿಚ್ಚಲಿಲ್ಲ. ಅವನೇ ಒಂದೊಂದಾಗಿ ಬೆರಳು ಬಿಡಿಸಬೇಕಾಯಿತು, ಉಗುರು ತಾಗಿ ಅವನ ಕೈ ಗೀರಿತು. ದಾಳ ಅವನ ಕೈಗೆ ಬಂದೇ ಬಂತು. ಒಂದು ಕ್ಷಣ ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಸುಧನ್ವನ ಅಂಗೈಯಲ್ಲಿ ಅವನ್ನು ಹಾಕಿ, "ಮುಷ್ಟಿ ಮುಚ್ಚಪಾ," ಎಂದ. ತಾಯಿಯ ಕಡೆ ತಿರುಗಿದ.

"ಅವ್ವಾ, ಮಾಧುರಿದೇನೂ ತಪ್ಪಿಲ್ಲ. ನನ್ನ ಕೈಗೆ ದಾಳ ಹೋಗಬಾರದಂತ ಹೀಂಗ ಮಾಡ್ಯಾಳ. ನಾ ಜೂಜಿನಾಗ ಬಿದ್ದಿದ್ನಿ. ಮನಿಗಂತ ಇಟ್ಟ ರೊಕ್ಕ ಎಲ್ಲಾ ಹಿಂತಾದ್ರಾಗ ಕಳದೀನಿ. ನಾ ಹೋಗೋದು ವಾಕಿಂಗಿಗೆ ಅಲ್ಲಬೇ, ಈ ಚಟಾ ಬಿಡಾಕ."

ಇಷ್ಟು ಜನರೆದುರು, ಬಿಕ್ಕದೆ, ತಲೆ ಎತ್ತಿ ಅಂದ. ಅಂಬವ್ವ ಲೋಟ ಹಿಡಿದುಕೊಂಡೇ ನಿಂತಿದ್ದಳು. ಕಡೆಗೆ ಸೊಸೆಯನ್ನು ಕೇಳಿದಳು: "ನಿನಗ ಗೊತ್ತಿತ್ತೇನವಾ ಇದು?"

ಮಾಧುರಿ ಅಳಬೇಕಿತ್ತು. ಅವನು ಗೆದ್ದಿದ್ದ, ದಾಳ ಕೈಯಲ್ಲಿ ಹಿಡಿದೂ ಬಿಟ್ಟುಕೊಟ್ಟಿದ್ದ. ಎರಡು ವರ್ಷದಿಂದ ಹೊತ್ತುಕೊಂಡು ತಿರುಗಿದ ಹೆದರಿಕೆಯನ್ನು ಅಲ್ಲೇ ಇಳಿಸಿ, ಅತ್ತೆಯ ಕಾಲಿಗೆ ಬಿದ್ದು, ಹೌದ್ರಿ ಅತ್ತೀ ಅನ್ನಬೇಕಿತ್ತು. ಆದರೆ ಅವಳ ಕಣ್ಣು ಸುಧನ್ವನ ಮುಷ್ಟಿಯ ಮೇಲೆ ನಟ್ಟಿತ್ತು. ಆರು ಬೀಳುವುದಕ್ಕೆ ಐದು ದಾರಿ. ಒಂದೇ ಒಂದು ಸಲ ಎಸೆಯಲು ಬಿಟ್ಟಿದ್ದರೆ ಬೀಳುತ್ತಿತ್ತು, ಖಂಡಿತ ಬೀಳುತ್ತಿತ್ತು, ಕೈಗೆ ಗೊತ್ತಾಗುತ್ತಿತ್ತು. ತಾನು ಹೀಗೆ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಆದರೂ ಕಣ್ಣು ಕೀಳಲಾಗಲಿಲ್ಲ.

"ಮಾಧುರಿ, ನಿನ್ನ ಕೇಳಾಕತ್ತೀನಿ," ಎಂದಳು ಅಂಬವ್ವ.

ಗುರುಕಿರಣ ಅವಳು ನೋಡುತ್ತಿರುವುದು ಎಲ್ಲಿಗೆ ಎಂದು ನೋಡಿದ. ತಾಯಿಗೆ ಎಲ್ಲ ಹೇಳುವಾಗ ನಡುಗದ ಮನುಷ್ಯ ಈಗ ನಡುಗುತ್ತಿದ್ದ.