ಗೇಣಗಲದ ಕಂಪ್ಯೂಟರು

ಪ್ರಭಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ರಜೆ ಬಂತೆಂದರೆ ಚಾಕ್ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯುತ್ತಿದ್ದಳು. ಅವಳ ತಮ್ಮ ಹೃಷಿಕೇಶ ನಾಗಪುರದ ರಾಮದಾಸಪೇಠದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಇಟ್ಟಿದ್ದ. ಗಿರಾಕಿಗಳನ್ನು ಒಲಿಸಿಕೊಳ್ಳುವುದು ಅವನಿಗೆ ಚಲೋ ಗೊತ್ತಿತ್ತು. ಒಳಗಿನ ಕೆಲಸ ಕೆಟ್ಟರೆ ಮಾತ್ರ ‘ಅಕ್ಕಾ, ಸ್ವಲ್ಪ ನೋಡು’ ಎಂದು ಲಕ್ಷ್ಮೀ ನಗರದ ಮನೆಗೆ ಹೊತ್ತುಕೊಂಡು ಬರುತ್ತಿದ್ದ. ಅಪ್ಪ ಬಿಂದುಮಾಧವರಾಯರಿಗೆ ಅದೇ ಒಂದು ಹೆಮ್ಮೆ. ಬಿಜಾಪುರದಿಂದ ಕೇಂದ್ರ ಸರಕಾರದ ನೌಕರಿಗೆಂದು ಬಂದು ಇಲ್ಲೇ ಬೇರೂರಿದ ಮನುಷ್ಯ ಅವರು. ಅಕ್ಕ ತಮ್ಮ ಒಂದೇ ಮೇಜಿಗೆ ಕೂತು ಕೆಲಸ ಮಾಡುವುದನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರು.

ಎರಡು ಸಾವಿರದ ಐದರ ಆಸುಪಾಸು. ಒಂದು ಗೇಣಗಲದ ಮದರ್‌ಬೋರ್ಡುಗಳು ಹೊಸದಾಗಿ ಬರತೊಡಗಿದ್ದವು. ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯಲ್ಲಿ ಇಡೀ ಕಂಪ್ಯೂಟರ್ ಕೂರುತ್ತಿತ್ತು. ಅಂಗಡಿಯ ಹತ್ತಿರವೇ ರಕ್ತ ಪರೀಕ್ಷೆಯ ಲ್ಯಾಬು ಕಟ್ಟಿಸುತ್ತಿದ್ದ ಡಾಕ್ಟರ್ ಘಾಟೆಗೆ ಅದು ಬಹಳ ಮನಸ್ಸಿಗೆ ಬಂತು. ಕೌಂಟರ್ ಚಿಕ್ಕದು, ಜಾಗ ಉಳಿಯುತ್ತದೆ, ನೋಡಲಿಕ್ಕೂ ಚಂದ. ಎಲ್ಲ ಕೌಂಟರಿಗೂ ಅದನ್ನೇ ಕೊಡಿ ಎಂದರು.

ತೊಡಕು ಇದ್ದದ್ದು ಕರೆಂಟ್ ಕೊಡುವ ಪವರ್ ಸಪ್ಲೈಯಲ್ಲಿ. ದೊಡ್ಡ ಕಂಪ್ಯೂಟರಿನದು ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಹಿಡಿಸುವಂಥ ಅಗ್ಗದವು ನಾಗಪುರದ ಬೇಸಿಗೆಗೆ, ಹೋಗಿ ಬಂದು ಮಾಡುವ ಕರೆಂಟಿಗೆ ತಡೆಯುವುದಿಲ್ಲ. ಪ್ರಭಾ ಮುಂಬೈನ ವ್ಯಾಪಾರಿಯೊಬ್ಬನಿಂದ ಅಂಗೈ ಅಗಲದ, ಉದ್ದನೆಯ, ಹೊಸ ಥರದ ಸಪ್ಲೈ ಒಂದನ್ನು ತರಿಸಿದಳು. ಅದನ್ನು ಪೆಟ್ಟಿಗೆಗೆ ಕೂರಿಸಿ ತಗಡಿನ ಮಾಳಿಗೆ ಕೋಣೆಯಲ್ಲಿ ಮಟಮಟ ಮಧ್ಯಾಹ್ನ ಓಡಿಸಿದಳು. ಗಾಳಿ ಎಲ್ಲಿ ಒಳಬರಬೇಕು, ಎಲ್ಲಿ ಹೊರಹೋಗಬೇಕು ಎಂದು ತಗಡಿಗೆ ತಾನೇ ತೂತು ಕೊರೆದಳು. ಚಾರುಲತಾ ಮಜ್ಜಿಗೆ ತಂದು ಬಾಗಿಲಲ್ಲೇ ನಿಂತು, “ಅಕ್ಕಾ, ಈ ಕೋಣ್ಯಾಗ ಮನುಷ್ಯಾರು ಬದಕಂಗಿಲ್ಲ, ನಿಮ್ಮ ಡಬ್ಬಿ ಬದಕತದೇನು?” ಎಂದು ನಕ್ಕಿದ್ದಳು. ಅವಳು ಹೃಷಿಕೇಶನ ಹೆಂಡತಿ, ನಗುಮುಖದ ಹುಡುಗಿ. ಡಬ್ಬಿ ಬದುಕಿತು. ಮೇ ತಿಂಗಳ ಬಿಸಿಲಿಗೂ ಜಗ್ಗಲಿಲ್ಲ.

ಆಮೇಲೆ ಪ್ರಭಾ ಪರೀಕ್ಷೆಯ ಪೇಪರ್ ತಿದ್ದಲು ಅಮರಾವತಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಲ್ಯಾಬಿನ ಉದ್ಘಾಟನೆ ಮುಗಿದಿತ್ತು. ಹೃಷಿಕೇಶ ಪೇಢೆ ಕೊಟ್ಟು, “ಎಲ್ಲಾ ಬರೋಬರ್ ಆತು ಅಕ್ಕಾ” ಅಂದ.

ಹದಿನೈದು ದಿನವೂ ಕಳೆದಿರಲಿಲ್ಲ. ಬೆಳಗಿನ ಗದ್ದಲದಲ್ಲಿ ಮೊದಲ ಕೌಂಟರಿನ ಡಬ್ಬಿಯಿಂದ ಹೊಗೆ ಬಂತು. ಅಲ್ಲಿ ಕೂತಿದ್ದ ಲೀಲಾ ವೈರು ಕೀಳಲು ಡಬ್ಬಿಯ ಹಿಂದೆ ಕೈ ಹಾಕಿದಳು. ತಗಡಿಗೇ ಕರೆಂಟ್ ಇಳಿದಿತ್ತು. ಕೈ ಅಂಟಿಕೊಂಡು, ಯಾರೋ ಮೇನ್ ಸ್ವಿಚ್ ಆರಿಸುವ ಹೊತ್ತಿಗೆ ಬಲಗೈ ಬೆರಳುಗಳು ಸುಟ್ಟಿದ್ದವು. ಜೀವಕ್ಕೆ ಏನೂ ಆಗಲಿಲ್ಲ ಎಂದು ಎಲ್ಲರೂ ದೇವರಿಗೆ ಕೈ ಮುಗಿದರು.

ಸುಟ್ಟ ಡಬ್ಬಿಯನ್ನು ಅಂಗಡಿಯಲ್ಲಿ ಬಿಚ್ಚಿದ್ದು ಪ್ರಭಾ. ಮುಚ್ಚಳ ತೆಗೆದವಳಿಗೆ ಒಂದು ಕ್ಷಣ ತಾನು ಬೇರೆ ಯಾರದೋ ಡಬ್ಬಿ ಬಿಚ್ಚಿದೆನೇನೋ ಅನ್ನಿಸಿತು. ಒಳಗಿದ್ದ ಸಪ್ಲೈ ಅವಳು ಆರಿಸಿದ್ದಲ್ಲ. ಯಾವುದೋ ಹಳೇ ಬಿಲ್ಲಿಂಗ್ ಮಷೀನಿನದು. ಹಿಡಿಸಲೆಂದು ಮೂಲೆಗಳನ್ನು ಅರದಿಂದ ಉಜ್ಜಿದ್ದರು. ತಗಡಿಗೆ ಇಳಿದ ಕರೆಂಟನ್ನು ನೆಲಕ್ಕೆ ಹರಿಸುವ ಅರ್ಥಿಂಗ್ ವೈರನ್ನು ಉದ್ದ ಸಾಲಲಿಲ್ಲವೆಂದು ಕತ್ತರಿಸಿ ಬಿಟ್ಟಿದ್ದರು.

“ಇದನ್ನ ಯಾರು ಹಾಕಿದ್ರು ಹೃಷಿ?”

ಅವನು ಶಟರ್ ಅರ್ಧ ಎಳೆದು ಬಂದು ಕೂತ. “ಮುಂಬೈ ಮಾಲು ಬಂದರಿನ್ಯಾಗ ಸಿಕ್ಕೊಂಡಿತ್ತು. ಉದ್ಘಾಟನೆಗೆ ಮಂತ್ರಿ ಬರೋರಿದ್ರು. ನಾ ಏನ್ ಮಾಡ್ಲಿ? ಮಾಲು ಬಂದ ಕೂಡ್ಲೆ ಬದಲಿ ಮಾಡೋಣಂತ ಹಾಕಿದ್ದೆ.”

“ನನಗೊಂದು ಫೋನ್ ಮಾಡ್ಲಿಲ್ಲ.”

“ಮಾಡಿದ್ರ ನೀ ಬ್ಯಾಡ ಅಂತಿದ್ದಿ.”

ಆ ಮಾತು ನಿಜವಾದ್ದರಿಂದ ಅವಳಿಗೆ ಇನ್ನೂ ಸಿಟ್ಟು ಬಂತು. ಮರುದಿನ ಅವನನ್ನು ಕಾಯದೆ ಒಬ್ಬಳೇ ಡಾಕ್ಟರ್ ಘಾಟೆಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಡಾಕ್ಟರು ತಲೆ ಎತ್ತದೆ ಕೇಳಿದರು. ಆಮೇಲೆ ಮರಾಠಿಯಲ್ಲಿ ಬಹಳ ನಯವಾಗಿ ಹೇಳಿದರು: “ಮೇಡಂ, ನಿಮ್ಮ ತಮ್ಮ ನಿನ್ನೆಯೇ ಬಂದಿದ್ದ. ಎಲ್ಲಾ ಡಬ್ಬಿಗೂ ಅಸಲಿ ಸಪ್ಲೈ ಹಾಕಿ ಕೊಡ್ತಾನೆ. ಲೀಲಾ ತನ್ನ ಪರ್ಸು ಡಬ್ಬಿಯ ಮೇಲೆ ಇಡ್ತಿದ್ದಳು, ಗಾಳಿಗೆ ದಾರಿ ಇರಲಿಲ್ಲ, ಅದಕ್ಕೇ ಹೀಗಾಯ್ತು. ಅವಳೂ ಒಪ್ಪಿದ್ದಾಳೆ. ಹೊಸ ಲ್ಯಾಬು. ಇದನ್ನು ಬೆಳೆಸಬೇಡಿ.”

“ಪರ್ಸು ಇಟ್ಟರೆ ತಗಡಿಗೆ ಕರೆಂಟ್ ಇಳಿಯೋದಿಲ್ಲ ಡಾಕ್ಟರ್.”

“ನನಗೂ ಗೊತ್ತು,” ಎಂದು ಅವರು ಬೆಲ್ ಒತ್ತಿ ಮುಂದಿನವರನ್ನು ಕರೆದರು.

ಸಂಜೆ ಮನೆಯಲ್ಲಿ ಅಪ್ಪ ಅವಳಿಗಾಗಿ ಕಾದು ಕೂತಿದ್ದರು. “ತಮ್ಮ ತಪ್ಪು ಮಾಡಿದ್ರ ಮನ್ಯಾಗ ಬೈ, ಕಪಾಳಕ್ಕ ಹೊಡಿ. ಹೊರಗಿನವರ ಮುಂದ ಹೋಗಿ ಅವನ ಮಾನ ಕಳದಿ. ಇದೇನಾ ನಾ ನಿನಗ ಕಲಿಸಿದ್ದು?”

“ಆ ಹುಡುಗಿ ಕೈ ಸುಟ್ಟದ ಅಪ್ಪಾ.”

“ದವಾಖಾನಿ ಖರ್ಚು ಲ್ಯಾಬಿನವರ ನೋಡ್ಕೋತಾರ.”

ಚಾರುಲತಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ರಾತ್ರಿ ಪ್ರಭಾಳ ತಾಟು ಬಡಿಸಿ ಮುಚ್ಚಿಟ್ಟಿತ್ತು. ಯಾರೂ ಕರೆಯಲಿಲ್ಲ.

ಇನ್ನೊಂದು ಕಡೆಯಾದರೂ ತನ್ನ ಮಾತಿಗೆ ಬೆಲೆ ಇದ್ದೀತು ಎಂದು ಪ್ರಭಾ ಭಾನುವಾರ ಲೀಲಾಳ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ, ಕಿಟಕಿಯಲ್ಲಿ ಕೂಲರ್ ಗುರ್ರೆನ್ನುತ್ತಿತ್ತು. ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಲೀಲಾ ಕೂತಿದ್ದಳು. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಪ್ರಭಾ ಆ ಡಬ್ಬಿಯೊಳಗೆ ಏನಿತ್ತೆಂದು ಹೇಳಿ, “ನೀನು ದೂರು ಕೊಡು. ಬೇಕಾದಲ್ಲಿ ಬಂದು ನಾನು ಸಾಕ್ಷಿ ಹೇಳ್ತೀನಿ,” ಅಂದಳು.

ಲೀಲಾ ಮೂಲೆಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದ ತಂಗಿಯ ಕಡೆ ನೋಡಿದಳು. “ನಾಳೆಯಿಂದ ನನ್ನ ಕುರ್ಚಿಯಲ್ಲಿ ಇವಳು ಕೂರ್ತಾಳೆ. ಪರ್ಸಿನ ಮಾತಿಗೆ ಒಪ್ಪಿದ್ದಕ್ಕೆ ಡಾಕ್ಟರು ಕೊಟ್ಟದ್ದು. ನೀವು ಸಾಕ್ಷಿ ಹೇಳಿದ್ರೆ ಅದೂ ಹೋಗುತ್ತೆ.”

“ಆದರೆ ತಪ್ಪು ನಿಂದಲ್ಲ ಲೀಲಾ.”

“ಅದು ನನಗೆ ಗೊತ್ತಿಲ್ಲವಾ?” ಅವಳ ದನಿ ಒಮ್ಮೆಲೆ ಏರಿತು. “ನಿಮ್ಮ ಮನಸ್ಸಿಗೆ ಸಮಾಧಾನ ಬೇಕು, ಅದಕ್ಕೆ ಬಂದಿದ್ದೀರಿ. ನಮಗೆ ಮನೆ ನಡೀಬೇಕು. ಕೈ ಮುಗೀತೀನಿ ಅನ್ನೋಕೂ ಕೈ ಇಲ್ಲ ನೋಡಿ. ದಯವಿಟ್ಟು ಸುಮ್ಮನಿದ್ದುಬಿಡಿ ತಾಯಿ.”

ಪ್ರಭಾ ಎದ್ದಳು. ತಂಗಿ ಚಹಾ ಕುಡಿದು ಹೋಗಿ ಎಂದಳು, ಮನಸ್ಸಿಲ್ಲದೆ. ಹೊರಗೆ ಬಂದು ಆಟೋ ಸಿಗುವವರೆಗೆ ಬಿಸಿಲಲ್ಲಿ ನಡೆಯುತ್ತ, ತಾನು ಹೇಳಬೇಕೆಂದಿದ್ದ ನಿಜ ಈ ಊರಿನಲ್ಲಿ ಒಬ್ಬರಿಗೂ ಬೇಡವಾಯಿತಲ್ಲ ಎಂದುಕೊಂಡಳು. ಬಾಯಲ್ಲಿ ಹಾಗಲಕಾಯಿ ತಿಂದ ಕಹಿ.

ಮುಂದೆ ಮಾಲು ಬಂತು. ಹೃಷಿಕೇಶ ಪ್ರತಿ ಡಬ್ಬಿಗೂ ಹೊಸ ಸಪ್ಲೈ ಕೂರಿಸಿದ, ಅರ್ಥಿಂಗ್ ಬಿಗಿದ. ಅವು ಆ ವರ್ಷವೆಲ್ಲ ಒಂದು ದಿನವೂ ನಿಲ್ಲಲಿಲ್ಲ. ಲ್ಯಾಬಿನಲ್ಲಿ ನೋಡಿದವರು ಕೇಳಿಕೊಂಡು ಬಂದರು. ಬ್ಯಾಂಕಿನವರು ಬಂದರು, ಕಾಮಠಿಯ ಔಷಧಿ ಅಂಗಡಿಯವರು ಬಂದರು. ಅವನು ಅಂಗಡಿಯನ್ನು ಎರಡು ಪಟ್ಟು ಮಾಡಿದ. ಅಷ್ಟರಲ್ಲಿ ಪ್ರಭಾ ಅಪ್ಪನ ಮನೆ ಬಿಟ್ಟು ಕಾಲೇಜಿನ ಹತ್ತಿರ ಬಾಡಿಗೆ ಕೋಣೆ ಹಿಡಿದಿದ್ದಳು. ಮಳೆಗಾಲ ಕಳೆದ ಮೇಲೆ ಒಮ್ಮೆ ಅವನ ಫೋನ್ ಬಂತು.

“ಅಕ್ಕಾ, ಇನ್ನೂ ಸಣ್ಣ ಬೋರ್ಡ್ ಬಂದದ. ಒಂದ್ಸಲ ಬಂದು ನೋಡ್ತಿಯೇನು? ಅಪ್ಪನೂ ನಿನ್ನ ನೆನಸ್ತಾರ.”

“ಲೀಲಾಳ ಕೈ ಹೆಂಗದ ಈಗ?”

“ಅದನ್ನ ಇನ್ನೂ ಹಿಡಕೊಂಡು ಕೂತೀ ಏನು?” ಎಂದು ಅವನು ಫೋನ್ ಇಟ್ಟ. ಅವಳೂ ಮತ್ತೆ ಮಾಡಲಿಲ್ಲ.

ಜನವರಿಯಲ್ಲಿ ಅವಳ ಕಾಲೇಜಿನ ಆಫೀಸಿಗೂ ಅಂಥದೊಂದು ಡಬ್ಬಿ ಬಂತು. ಪ್ರಿನ್ಸಿಪಾಲರು ಅವಳನ್ನು ಕರೆಸಿ, “ನಿಮ್ಮ ತಮ್ಮನದೇ ಕೆಲಸವಂತೆ. ಎಷ್ಟು ಅಚ್ಚುಕಟ್ಟು! ಮನೆತನದಲ್ಲೇ ಬಂದದ್ದು ಇರಬೇಕು,” ಅಂದರು.

“ಹೌದು ಸರ್,” ಎಂದಳು ಪ್ರಭಾ. ಗಂಟೆ ಬಾರಿಸಿತ್ತು. ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದಳು.