ಕೆಂಪು ದೀಪ ಹತ್ತದ ಹೊತ್ತು

ಚರ್ ಎಂದಿತು, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಇಲ್ಲ, ಅಡುಗೆಮನೆಯದಲ್ಲ, ನನ್ನ ಅಂಗೈಯಲ್ಲಿರುವ ಪೆಟ್ಟಿಗೆಯದು, ಸ್ಕ್ವೆಲ್ಚ್ ಗುಂಡಿಯನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಬೇಕು — ಅಷ್ಟೇ, ಸಾಕು, ಗೊರಗೊರ ನಿಂತಿತು, ಇನ್ನೂ ತಿರುಗಿಸಿದರೆ ಗದ್ದಲದ ಜೊತೆಗೆ ಮಾತೂ ಹೋಗುತ್ತದೆ, ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆಯುಷ್ಯವೆಲ್ಲ ಅರಿವಳಿಕೆಯ ಗ್ಯಾಸಿನ ಗುಂಡಿ ತಿರುಗಿಸಿದ ಬೆರಳುಗಳಿವು, ಹೂಸ್ಟನ್ನಿನಲ್ಲಿ ಎಷ್ಟು ಜನರನ್ನು ಮಲಗಿಸಿದ್ದೇನೆ, ಮಲಗಿಸಿದವರನ್ನೆಲ್ಲ ಎಬ್ಬಿಸಿದ್ದೇನೆ, ಡಾಕ್ಟರ್ ಶಿವಾನಂದ ಬರುತ್ತಾರೆಂದರೆ ಸರ್ಜನ್ನರು ತಮ್ಮ ಪಾಳಿಯನ್ನೇ ಬದಲಿಸಿಕೊಳ್ಳುತ್ತಿದ್ದರು, ಈಗ ನಿವೃತ್ತ, ಹೂಸ್ಟನ್ನಿನ ಪಕ್ಕದ ಕೇಟಿ ಎಂಬ ಊರಿನಲ್ಲಿ ನಮ್ಮ ಮನೆಯ ಹಿತ್ತಿಲ ಪ್ಯಾಟಿಯೋದಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತು ವಿಮಾನದವರ ಮಾತು ಕೇಳಿಸುವ ರೇಡಿಯೋ ಸ್ಕ್ಯಾನರ್ ಹಿಡಿದಿದ್ದೇನೆ, ಎದುರಿಗೆ ಪ್ರತಾಪ್, ಅವನ ಪಕ್ಕ ಅವನ ಹೆಂಡತಿ ಉಷಾರಾಣಿ, ತಟ್ಟೆಗಳಲ್ಲಿ ನನ್ನ ಹೆಂಡತಿ ನಳಿನಿ ಮಾಡಿದ ಉಪ್ಪಿಟ್ಟು, ಎಲ್ಲರ ಕಣ್ಣೂ ನನ್ನ ಕೈಯ ಮೇಲೆ, ಮಗಳ ದನಿ ಕೇಳಿಸುತ್ತೇನೆ ಬನ್ನಿ ಎಂದು ನಾನೇ ಕರೆದಿದ್ದೇನೆ, ಮದುವೆಗೆ ಕರೆದ ಹಾಗೆ ಕರೆದಿದ್ದೇನೆ, ಕರೆಯದೆ ಏನು ಮಾಡಲಿ, ಇವತ್ತು ನನ್ನ ಸಂಹಿತಾ ಕಂಟ್ರೋಲ್ ಟವರ್‌ನಲ್ಲಿ ಕುಳಿತು ಆಕಾಶದಲ್ಲಿರುವ ವಿಮಾನಗಳನ್ನು ಒಬ್ಬಳೇ ಇಳಿಸುತ್ತಾಳೆ, ಅವಳ ಹಿಂದೆ ಪರೀಕ್ಷಕ ನಿಂತಿರುತ್ತಾನೆ, ಪಾಸಾದರೆ ಆ ಕುರ್ಚಿ ಅವಳದು, ಇಲ್ಲವೆಂದರೆ — ಇಲ್ಲ, ಅದನ್ನು ಈಗ ಯೋಚಿಸಬಾರದು.

ಕೆಂಪು ದೀಪ ಹತ್ತಿತು, ಪೆಟ್ಟಿಗೆಯ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ದೀಪ, ಯಾರದಾದರೂ ಮಾತು ಬಂದರೆ ಹತ್ತುತ್ತದೆ, ನಿಂತರೆ ಆರುತ್ತದೆ, ಆರಿತು ಎಂದು ನಾನೆಂದರೆ ನಳಿನಿಗೆ ಆಗದು, ದೀಪ ಆರ್ತು ಅನಬಾರದ್ರಿ, ಶಾಂತ ಆತು ಅನ್ರಿ, ಸರಿ ಶಾಂತವಾಯಿತು, ಬಂದದ್ದು ಯಾವನೋ ಪೈಲಟ್, ಗಾಳಿ ಎತ್ತಲಿಂದ ಎಂದು ಏನೋ ಹೇಳಿ ಹೋದ, ಇದನ್ನು ಪ್ರೋಗ್ರಾಮ್ ಮಾಡಲು ಎಷ್ಟು ಒದ್ದಾಡಿದೆನೆಂದು ಇವರಿಗೇನು ಗೊತ್ತು, ಮೊದಮೊದಲು ಸಿಕ್ಕಿದ್ದನ್ನೆಲ್ಲ ತುಂಬಿಬಿಟ್ಟಿದ್ದೆ, ಹವಾಮಾನ, ರೈಲು, ದೋಣಿಗಳು, ಸ್ಕ್ಯಾನ್ ಒತ್ತಿದರೆ ಪೆಟ್ಟಿಗೆ ಮನೆಮನೆ ತಿರುಗುವ ಬೆಕ್ಕಿನ ಹಾಗೆ ಒಂದೊಂದು ಚಾನೆಲ್ಲಿನ ಬಾಗಿಲಿಗೆ ಹೋಗಿ ಮೂಸಿ ಮುಂದೆ ಓಡುವುದು, ಹವಾಮಾನದವರು ಬಾಯಿ ಮುಚ್ಚುವವರೇ ಅಲ್ಲ, ಅಲ್ಲೇ ನಿಂತುಬಿಡುವುದು, ಆಮೇಲೆ ಲಾಕೌಟ್ ಗುಂಡಿ ಗೊತ್ತಾಯಿತು, ಬೇಡದ ಚಾನೆಲ್‌ಗಳಿಗೆ ಒಂದೊಂದಾಗಿ ಬೀಗ ಹಾಕಿದೆ, ವಿಮಾನದವರ ಮಾತಿಗೆ ಎಎಮ್ ಮೋಡ್ ಬೇಕು, ಎಫ್‌ಎಮ್‌ನಲ್ಲಿ ಇಟ್ಟರೆ ಬಾಯಿಗೆ ಹತ್ತಿ ತುರುಕಿದ ಹಾಗೆ ಕೇಳುತ್ತದೆ, ಅದನ್ನೂ ನಾನೇ ಕಂಡುಕೊಂಡೆ, ಕೊನೆಗೆ ಉಳಿದದ್ದು ಒಂದೇ ಚಾನೆಲ್, ಅದಕ್ಕೆ ಹೋಲ್ಡ್ ಒತ್ತಿ ನಿಲ್ಲಿಸಿದೆ, ಹೆಸರು ಬರೆಯುವ ಜಾಗದಲ್ಲಿ ಟವರ್ ಎಂದು ಬರೆಯಬೇಕಿತ್ತು, ನಾನು ಸಂಹಿತಾ ಎಂದು ಇಂಗ್ಲಿಷಿನಲ್ಲಿ ಬರೆದೆ, ಈಗಲೂ ಆ ಪುಟ್ಟ ಪರದೆಯ ಮೇಲೆ ಅವಳ ಹೆಸರಿದೆ, ನೋಡಿದಷ್ಟೂ ಎದೆ ಉಬ್ಬುತ್ತದೆ, ಉಬ್ಬಲಿ, ಮನೆಯಲ್ಲಿ ಹೆಂಡತಿಗೆ ಗೊತ್ತಾಗದ ಹಾಗೆ ಎದೆ ಉಬ್ಬಿಸುವುದು ನನಗೆ ಎಂದೂ ಬಂದಿಲ್ಲ.

ಎಲ್ಲಿ ಡಾಕ್ಟ್ರೇ ನಿಮ್ಮ ಮಗಳು, ಬರೀ ಗಂಡಸರೇ ಮಾತಾಡ್ತಿದಾರಲ್ಲ, ಪ್ರತಾಪ್ ಕೆಣಕುತ್ತಿದ್ದಾನೆ, ಮೈಸೂರಿನವನು, ಹೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ ತೈಲದ ಕಂಪನಿಯೊಂದರಲ್ಲಿ ದೊಡ್ಡ ಇಂಜಿನಿಯರ್ ಆಗಿದ್ದವನು, ಅವನ ಮಗಳು ಟೇಲರ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಮ್ಯಾನೇಜರ್, ನನ್ನ ಮಗಳು ಆಸ್ಟಿನ್ನಿನಲ್ಲಿ ಹಿಡಿದಿದ್ದ ಡಾಕ್ಟರಿಕೆಯ ದಾರಿ ಬಿಟ್ಟು ಟವರ್ ಹತ್ತಿದಾಗ ಇವನು ಕನ್ನಡ ಕೂಟದ ಊಟದ ಸಾಲಿನಲ್ಲಿ, ಹಾಗಾದ್ರೆ ಆಕಾಶದ ಟ್ರಾಫಿಕ್ ಪೊಲೀಸ್ ಅನ್ನಿ ಎಂದು ನಕ್ಕಿದ್ದ, ಪುಳಿಯೋಗರೆ ಹಾಕಿಸಿಕೊಳ್ಳುತ್ತ ನಕ್ಕಿದ್ದ, ಇವನಿಗೆ ಕೇಳಿಸಬೇಕೆಂದೇ ನಾನು ಈ ಪೆಟ್ಟಿಗೆ ಕೊಂಡದ್ದು, ಹೌದು, ಅದರಲ್ಲೇನು ಮುಚ್ಚುಮರೆ, ಆದರೆ ಎಲ್ಲಿ ಅವಳು, ಇಷ್ಟು ಹೊತ್ತಾಯಿತು, ದೀಪ ಹತ್ತುತ್ತದೆ, ಪೈಲಟ್ ಮಾತಾಡುತ್ತಾನೆ, ಆರುತ್ತದೆ, ಮತ್ತೆ ಹತ್ತಿದರೆ ಇನ್ನೊಬ್ಬ ಪೈಲಟ್, ಮಧ್ಯೆ ಏನೂ ಇಲ್ಲ, ಭಾನುವಾರ ದಿನಸಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ದೆನಲ್ಲ, ನಳಿನಿ ಒಳಗೆ ಮೆಂತ್ಯ ಸೊಪ್ಪು ಆರಿಸುತ್ತಿದ್ದಳು, ನಾನು ಕಾರಿನಲ್ಲಿ, ಟವರ್‌ನ ಗಂಡಸಿನ ದನಿ ಗಂಟೆ ಹೊಡೆದ ಹಾಗೆ ಬಂದಿತ್ತು, ಆ ಅಂಗಡಿ ಏರ್‌ಪೋರ್ಟಿನ — ಅಯ್ಯೋ — ಬೇಲಿಯ ಪಕ್ಕದಲ್ಲೇ ಇದೆ, ನಮ್ಮ ಮನೆ ಎಷ್ಟು ದೂರ, ನಡುವೆ ಎಷ್ಟು ಮನೆ, ಎಷ್ಟು ಮರ, ಟವರ್ ನೆಲದ ಮೇಲೆ ನಿಂತದ್ದು, ಅಲ್ಲಿನ ಮಾತು ಇಲ್ಲಿಯ ತನಕ ಬರುವುದಿಲ್ಲ, ವಿಮಾನ ಮೇಲಿರುತ್ತದೆ, ಅದರ ಮಾತಿಗೆ ಅಡ್ಡವಿಲ್ಲ, ಬರುತ್ತದೆ, ಅಂದರೆ ಇಲ್ಲಿ ಕುಳಿತರೆ ಇಡೀ ದಿನ ಪೈಲಟ್‌ಗಳು ಕೇಳಿಸುತ್ತಾರೆ, ನನ್ನ ಮಗಳೊಬ್ಬಳನ್ನು ಬಿಟ್ಟು, ಅತಿಥಿಗಳನ್ನು ಕರೆದು ಕೂರಿಸಿದ್ದೇನೆ, ಕೇಸರಿಬಾತ್ ಬೇರೆ ಮಾಡಿಸಿದ್ದೇನೆ.

ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಲ್ಲಿದೆ, ಐ-ಟೆನ್ ಹೆದ್ದಾರಿ ದಾಟಿ ಆ ಅಂಗಡಿಯ ತನಕ ಹೋದರೆ ಸಾಕು, ಅವಳ ದನಿ ಪೂರ್ತಿ ಕೇಳುತ್ತದೆ, ಪ್ರತಾಪನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಬಹುದು, ಆದರೆ ಮಾತು ಕೊಟ್ಟಿದ್ದೇನೆ, ಅಪ್ಪಾ ಪ್ಲೀಸ್, ನಾಟ್ ನಿಯರ್ ದ ಏರ್‌ಪೋರ್ಟ್, ಪ್ರಾಮಿಸ್ ಮಿ, ನಿನ್ನೆ ಫೋನಿನಲ್ಲಿ ಅಂದಳು, ಹ್ಞೂಂ ಅಂದೆ, ಅವಳು ಕೆಲಸಕ್ಕೆ ಸೇರಿದ ದಿನ ಧಾರವಾಡ ಪೇಡೆಯ ಡಬ್ಬಿ ಹಿಡಿದು ಟವರ್‌ನ ಗೇಟಿಗೆ ಹೋಗಿದ್ದೆನಲ್ಲ, ಕಾವಲಿನವನು ಮೇಲೆ ಫೋನ್ ಮಾಡಿ, ಇಲ್ಲೊಬ್ಬರು ಮುದುಕರು ಸಿಹಿ ತಂದು ನಿಂತಿದ್ದಾರೆ ಎಂದನಂತೆ, ಮೇಲಿದ್ದವರೆಲ್ಲ ತಿಂದರು, ಚೆನ್ನಾಗಿದೆ ಎಂದರು, ಮತ್ತೆ ತರಲು ಹೇಳಿ ಎಂದರು, ಅದನ್ನು ಮಾತ್ರ ಅವಳು ನೆನೆಸುವುದಿಲ್ಲ, ಇರಲಿ, ಇವತ್ತು ಹೋಗುವುದಿಲ್ಲ, ಇದು ಅವಳಿಗೆ ಕಡೆಯ ಅವಕಾಶ, ಹಿಂದಿನ ಸಲ ಪಾಸಾಗಲಿಲ್ಲ, ಚೆನ್ನಾಗಿ ಹೇಳುತ್ತಾಳೆ, ಆದರೆ ಪೈಲಟ್ ತಿರುಗಿ ಹೇಳಿದ್ದನ್ನು ಕಿವಿಗೊಟ್ಟು ಕೇಳುವುದಿಲ್ಲ, ಒಂದು ತಪ್ಪು ಉತ್ತರವನ್ನು ಹಾಗೇ ಬಿಟ್ಟಳು, ಎಂದು ಪರೀಕ್ಷಕ ಹೇಳಿದನಂತೆ, ಆ ರಾತ್ರಿ ಅವಳು ಊಟ ಮಾಡಲಿಲ್ಲ, ಕಿವಿ ಎಂದರೆ ನಮ್ಮ ಮನೆತನದ ಕಿವಿ, ಅವಳಿಗೆ ಕೇಳುವುದಿಲ್ಲ ಎನ್ನುವವನು ಯಾರು, ಇವತ್ತೂ ಆಗದಿದ್ದರೆ ಟವರ್ ಬಿಟ್ಟು ಇಳಿಯಬೇಕು, ಇನ್ನೇನಾದರೂ ಹುಡುಕಬೇಕು, ಕೀ ಮೊಳೆಯಲ್ಲೇ ಇರಲಿ.

ದೀಪ ಹತ್ತಿತು, ರೋಜರ್, ಯೆಸ್ ಮ್ಯಾಮ್ — ತಡೆ, ಮ್ಯಾಮ್ ಎಂದ, ಉಪ್ಪಿಟ್ಟು ತಿನ್ನುವ ತನಕ ಪೈಲಟ್‌ಗಳೆಲ್ಲ ಸರ್ ಸರ್ ಎನ್ನುತ್ತಿದ್ದರು, ಈಗ ಮ್ಯಾಮ್, ಇವತ್ತಿನ ಪಾಳಿಯಲ್ಲಿ ಹೆಂಗಸು ಅವಳೊಬ್ಬಳೇ, ನಳಿನೀ, ಕುಂತಾಳ, ಆಕಿ ಕುಂತಾಳ ಕುರ್ಚಿ ಮ್ಯಾಲೆ, ನಾನು ಕೂಗಿದೆನೇನೋ, ನಳಿನಿ ಸೆರಗಿಗೆ ಕೈ ಒರೆಸುತ್ತ ಬಂದು ನನ್ನ ಕುರ್ಚಿಯ ತೋಳಿನ ಮೇಲೆಯೇ ಕುಳಿತಳು, ಅತಿಥಿಗಳೆದುರು ಹಾಗೆ ಕೂರುವವಳಲ್ಲ, ಆಕಿ ದನಿ ಎಲ್ಲೈತ್ರಿ ಎಂದಳು, ಬರೂದಿಲ್ಲ ಎಂದೆ, ಆಕಿ ಹೇಳಿದ್ದನ್ನ ಅವರು ತಿರುಗಿ ಹೇಳ್ತಾರ, ಅದಷ್ಟ ಬರ್ತದ, ದೀಪ ಶಾಂತ ಇದ್ದಾಗ ಆಕಿ ಮಾತಾಡ್ಲಿಕ್ಕೆ ಹತ್ಯಾಳ ಅಂತ ತಿಳ್ಕೋ, ಹೀಗೆ ಹೇಳಿದ ಮೇಲೆ ನನಗೇ ಪೂರ್ತಿ ತಿಳಿಯಿತು, ಆಕಾಶದಲ್ಲಿ ಅದೇ ಪದ್ಧತಿ, ಟವರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಲೇಬೇಕು, ಆಪರೇಷನ್ ಥಿಯೇಟರಿನಲ್ಲಿ ನಮ್ಮದೂ ಅದೇ, ನಾನು ಔಷಧದ ಅಳತೆ ಹೇಳಬೇಕು, ನರ್ಸ್ ಅದನ್ನೇ ತಿರುಗಿ ಹೇಳಬೇಕು, ಆಮೇಲೆಯೇ ಸೂಜಿ, ಒಮ್ಮೆ ಒಬ್ಬಳು ಹತ್ತು ಪಟ್ಟು ಹೇಳಿದಳು, ನಿಲ್ಲು ಎಂದೆ, ಅವಳ ಕೈ ಗಾಳಿಯಲ್ಲಿ ನಿಂತಿತು, ಆ ರೋಗಿ ಈಗಲೂ ಪ್ರತಿ ಕ್ರಿಸ್ಮಸ್‌ಗೆ ಪೆಕನ್ ಬೀಜ ಕಳಿಸುತ್ತಾನೆ, ಮನೆಯಲ್ಲೂ ಬಿಟ್ಟವನಲ್ಲ, ಊಟಕ್ಕೆ ಕುಳಿತಾಗ ಸಂಹಿತಾ ಓಕೆ ಓಕೆ ಎಂದು ಹಾರಿಸಿದರೆ, ಏನಂದೆ ನಾ, ತಿರುಗಿ ಹೇಳು ನೋಡೋಣು, ಎನ್ನುತ್ತಿದ್ದೆ, ಅವಳು ಕಣ್ಣು ಮೇಲೆ ಮಾಡಿ ಇಂಗ್ಲಿಷಿನಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು, ಐ ವಿಲ್ ಬಿ ಹೋಮ್ ಬೈ ಡಿನ್ನರ್, ಐ ವಿಲ್ ಕಾಲ್ ಇಫ್ ಲೇಟ್, ಈಗ ನೋಡು, ಎಲ್ಲರೂ ಅವಳಿಗೆ ಒಪ್ಪಿಸುತ್ತಿದ್ದಾರೆ, ಇದೆಲ್ಲ ನಾನು ಕಲಿಸಿದ್ದು ಎಂದೆ, ಎಲ್ಲಾ ನಿಮ್ಮಿಂದನ ಆಗೇದ ಬಿಡ್ರಿ ಎಂದಳು ನಳಿನಿ, ಆದರೆ ಕೈ ನನ್ನ ಭುಜದ ಮೇಲೆ ಇತ್ತು.

ದೀಪ ಹತ್ತಿತು, ದಪ್ಪ ದನಿ, ಟೆಕ್ಸಸ್ಸಿನ ಹಳೆಯ ಪೈಲಟ್ ಇರಬೇಕು, ಮಾತನ್ನು ಅಗಿದು ಅಗಿದು ಬಿಡುತ್ತಾನೆ, ಜೆಟ್ಟು, ನೇರವಾಗಿ ಇಳಿಯಲು ಬರುತ್ತಿದ್ದಾನೆ, ನಂಬರ್ ಒನ್, ಕ್ಲಿಯರ್ಡ್ ಟು ಲ್ಯಾಂಡ್, ಯೆಸ್ ಮ್ಯಾಮ್, ಅಂದರೆ ಮೊದಲು ಇವನು, ಇವನಿಗೆ ಇಳಿಯಲು ನನ್ನ ಮಗಳ ಅಪ್ಪಣೆಯಾಯಿತು, ದೀಪ ಶಾಂತ, ಇನ್ನೊಬ್ಬರಿಗೆ ಹೇಳುತ್ತಿದ್ದಾಳೆ, ಒಬ್ಬ ಹೊಸ ಹುಡುಗ ಬೆಳಿಗ್ಗೆಯಿಂದ ಸಣ್ಣ ವಿಮಾನದಲ್ಲಿ ಸುತ್ತು ಹೊಡೆಯುತ್ತಿದ್ದಾನೆ, ಕಲಿಯುವವನು, ಮಾತಿಗೊಮ್ಮೆ ಉಸಿರು ಎಳೆಯುತ್ತಾನೆ, ಅವನಿಗೆ ನೀನು ಎರಡನೆಯವನು, ಜೆಟ್ ಇಳಿಯಲಿ, ಆಮೇಲೆ ತಿರುಗು ಎನ್ನುತ್ತಿರಬೇಕು, ದೀಪ ಹತ್ತಿತು, ಅದೇ ಹುಡುಗ, ನಂಬರ್ ಒನ್, ಕ್ಲಿಯರ್ಡ್ ಟು ಲ್ಯಾಂಡ್, ಟರ್ನಿಂಗ್ ನೌ — ಏನಂದ — ನಂಬರ್ ಒನ್ ಎಂದನೇ, ಒಂದೇ ರನ್‌ವೇ, ಇಬ್ಬರೂ ನಂಬರ್ ಒನ್, ರನ್‌ವೇ ಕಡೆಗೆ ತಿರುಗುತ್ತಿದ್ದಾನೆ, ಜೆಟ್ಟಿನ ದಾರಿಗೆ ಅಡ್ಡ, ಪ್ರತಾಪನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿದೆ, ಅವನಿಗೂ ತಿಳಿದಿದೆ, ದೀಪ ಆರಿದೆ, ಕೆಂಪು ಕಾಳು ಕಪ್ಪಾಗಿದೆ, ಹಿಡಿ ಸಂಹಿತಾ, ಕೇಳಿದೆಯಲ್ಲ, ಕೇಳಿದೆಯಲ್ಲ ಮಗಳೇ, ಇದೇ ಅದು, ಹಿಂದಿನ ಸಲ ಬಿಟ್ಟದ್ದು ಇದೇ, ನಿನ್ನ ಹಿಂದೆ ಆ ಪರೀಕ್ಷಕ ನಿಂತಿದ್ದಾನೆ, ನನ್ನ ಬೆರಳು ಗುಂಡಿಯ ಮೇಲಿದೆ, ಕೂಗಿ ಹೇಳೋಣವೆಂದರೆ ಈ ಪೆಟ್ಟಿಗೆಗೆ ಕಿವಿ ಮಾತ್ರ, ಬಾಯಿಲ್ಲ, ಇದರಿಂದ ಯಾರಿಗೂ ಏನೂ ಹೇಳಲಾಗದು, ದೀಪ ಆರಿದೆ, ಇಷ್ಟೊತ್ತು ಆರಿರಬಾರದು, ಮಾತಾಡುತ್ತಿದ್ದಾಳೋ, ಸುಮ್ಮನಿದ್ದಾಳೋ, ಎರಡೂ ಇಲ್ಲಿ ಒಂದೇ ಥರ ಕಾಣುತ್ತದೆ, ನಳಿನಿಯ ಉಗುರು ನನ್ನ ಭುಜಕ್ಕೆ ನಾಟಿದೆ —

ಹತ್ತಿತು, ಹುಡುಗ, ನಂಬರ್ ಟೂ, ನಂಬರ್ ಟೂ ಮ್ಯಾಮ್, ನಾಟ್ ಟರ್ನಿಂಗ್, ವಿಲ್ ವೇಟ್ ಫಾರ್ ಯುವರ್ ಕಾಲ್, ಸಾರಿ ಮ್ಯಾಮ್, ಹಿಡಿದಳು, ಉಸಿರು ಬಿಡು ಶಿವಾನಂದ, ಹಿಡಿದಳು, ಒಂದಕ್ಷರ ಬಿಡದೆ ಆ ಹುಡುಗನಿಂದ ತಿರುಗಿ ಹೇಳಿಸಿದಳು, ಪ್ರತಾಪ್ ಲೋಟವನ್ನು ಮೇಜಿನ ಮೇಲಿಟ್ಟ, ಡಾಕ್ಟ್ರೇ, ಇಬ್ಬರನ್ನೂ ಉಳಿಸಿದ್ಲಲ್ರೀ ನಿಮ್ಮ ಮಗಳು, ಎಂದ, ನಗಲಿಲ್ಲ, ಅವನಿಗೆ ಏನಾದರೂ ಚೆನ್ನಾಗಿ ಕುಟುಕಬೇಕೆಂದು ವರ್ಷಗಳಿಂದ ಕಾದಿದ್ದೆ, ಕೇಸರಿಬಾತಿನ ಬಟ್ಟಲನ್ನು ಅವನ ಕಡೆಗೆ ಸರಿಸಿದೆ, ಕಣ್ಣು ಮಂಜಾಗಿದೆ, ಆಗಲಿ, ಮತ್ತೆ ದೀಪ, ಆ ದಪ್ಪ ದನಿ, ಗುಡ್ ಕ್ಯಾಚ್, ಮ್ಯಾಮ್, ವಿ ಅಪ್ರೀಷಿಯೇಟ್ ಯೂ, ಇಡೀ ಆಕಾಶ ಕೇಳಿತು, ಹಿಂದೆ ನಿಂತವನೂ ಕೇಳಿದ, ಈಗ ಹೇಳಲಿ ಅವನು ನನ್ನ ಮಗಳಿಗೆ ಕಿವಿಯಿಲ್ಲವೆಂದು, ದೀಪ ಶಾಂತವಾಯಿತು, ಅವಳು ಆ ದಪ್ಪ ದನಿಯ ಪೈಲಟ್‌ಗೆ ಏನೋ ಹೇಳುತ್ತಿದ್ದಾಳೆ, ಥ್ಯಾಂಕ್ಸ್ ಎಂದಿರಬಹುದು, ನಕ್ಕಿರಬಹುದು, ದನಿ ನಡುಗಿರಬಹುದು, ಯಾವುದಿದ್ದರೂ ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ತಿರುಗಿ ಹೇಳುವುದಿಲ್ಲ, ಏನಂದಳ್ರಿ ಆಕಿ, ನಳಿನಿ ಕೇಳುತ್ತಿದ್ದಾಳೆ, ಏನಂದಳು, ಗೊತ್ತಿಲ್ಲ, ದೀಪ ಹತ್ತಿಲ್ಲ, ಮಾತಾಡುತ್ತಿದ್ದಾಳೆ, ಸುಮ್ಮನಿರು ನಳಿನಿ, ಮಾತಾಡುತ್ತಿದ್ದಾಳೆ, ಹತ್ತದ ದೀಪ, ಕಪ್ಪಗೆ, ಸಾಸಿವೆ ಕಾಳಿನಷ್ಟು, ಹತ್ತದೆ, ಇನ್ನೂ ಹತ್ತದೆ