ಮೇಷ್ಟ್ರ ವೃಷಭ

ಕಾಲೇಜಿನ ಹೊಸ ಸಭಾಂಗಣದ ಗೋಡೆಗೆ ಕಲ್ಲಿನ ವೃಷಭ ಕೆತ್ತಿಕೊಡುವ ಕೆಲಸ ಶಿಲ್ಪಿಗೆ ಸಿಕ್ಕಿದ್ದು ಮೇಷ್ಟ್ರ ಕೃಪೆಯಿಂದ. ಅಲ್ಲೇ ಇತಿಹಾಸ ಪಾಠ ಹೇಳುವ ಮೇಷ್ಟ್ರು ಅವಳ ಹಳೆಯ ಗಂಡ. “ಪಾಪ, ಬದುಕಿಕೊಳ್ಳಲಿ ಬಿಡಿ,” ಎಂದು ಸಮಿತಿಯ ಮುಂದೆ ದೊಡ್ಡ ಮನಸ್ಸು ಮಾಡಿದ್ದರಂತೆ. ಆ ಮಾತು ಕಿವಿಗೆ ಬಿದ್ದ ದಿನ ಅವಳು ಉಳಿಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಮಸೆದಳು.

ಪಾಪವಂತೆ, ಪಾಪ! ಬಂಜೆ ಎಂದು ಊರಿಗೆಲ್ಲ ಡಂಗುರ ಸಾರಿ ಮನೆಯಿಂದ ಆಚೆ ಹಾಕಿದ ಮಹಾನುಭಾವರು ಈಗ ಕನಿಕರ ತೋರಿಸಲು ಬಂದಿದ್ದರು. ಅವಳಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು, ಯಜಮಾನರನ್ನೂ ಒಮ್ಮೆ ಕರೆತನ್ನಿ ಎಂದಿದ್ದರು. ಅದನ್ನು ಮನೆಯಲ್ಲಿ ಹೇಳಿದ್ದಕ್ಕೆ ಮೇಷ್ಟ್ರು ಕೆಂಡಾಮಂಡಲವಾಗಿದ್ದರು. “ನನಗೆ ಪರೀಕ್ಷೆನಾ? ತಲೆ ಕೆಟ್ಟಿದೆಯಾ ನಿನಗೆ?” ಎರಡನೆಯವಳು ಬಂದು ವರ್ಷಗಳಾದರೂ ತೊಟ್ಟಿಲು ತೂಗಲಿಲ್ಲ. ಈಗ ಅವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಿದ್ದರು.

ಮೇಷ್ಟ್ರು ಹೆಸರು ಮಾಡಿದ್ದೇ ಗೂಳಿಯ ಬೆನ್ನೇರಿ. ಪ್ರಾಚೀನ ಭಾರತದ ಮುದ್ರೆಗಳ ಮೇಲಿನ ವೃಷಭ, ಶಿವನೆದುರು ಕೂತ ವೃಷಭ, ಧರ್ಮದ ರೂಪವಾಗಿ ನಾಲ್ಕು ಕಾಲಲ್ಲಿ ನಿಂತ ವೃಷಭ. ಎಲ್ಲಿ ಕರೆದರೂ ಅದೇ ಭಾಷಣ, ಅದೇ ಚಪ್ಪಾಳೆ.

ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡಿದಳು. ಹಳೆಯ ಮುದ್ರೆಯಲ್ಲಿರುವಂತೆಯೇ ಪಕ್ಕಕ್ಕೆ ತಿರುಗಿ ನಿಂತ ಗೂಳಿ: ಬೆನ್ನ ಮೇಲೆ ಎದ್ದುನಿಂತ ಹಿಣಿಲು, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಹಿಂಗಾಲುಗಳ ನಡುವೆ ತುಂಬಿದ ಬೀಜ. ಮೇಷ್ಟ್ರು ಬಂದು ನೋಡಿ ಬೀಗಿದರು.

“ನೋಡು, ಗಂಡಸುತನ ಅಂದ್ರೆ ಇದು. ಹೀಗೇ ಇರಬೇಕು.”

“ಆಯ್ತು ಸಾರ್,” ಎಂದಳು. ಒಂದು ಕಾಲಕ್ಕೆ ‘ರೀ’ ಎಂದು ಕರೆದ ಬಾಯಿ ಅದು.

ಕಲ್ಲಿಗೆ ಉಳಿ ಇಟ್ಟಾಗ ಕೊಂಬು, ಕಣ್ಣು, ಹಿಣಿಲು ಎಲ್ಲವನ್ನೂ ಪ್ರೀತಿಯಿಂದಲೇ ಕೆತ್ತಿದಳು. ಗೂಳಿಯ ಮೇಲೆ ಅವಳಿಗೇನು ಹಗೆ? ಹಿಂಗಾಲಿಗೆ ಬಂದಾಗ ಮಾತ್ರ ಅಲ್ಲಿದ್ದ ಉಬ್ಬನ್ನು ಹೊಡೆದು ಹಾಕಿ, ಮರಳು ತಿಕ್ಕಿ ನುಣುಪು ಮಾಡಿದಳು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಕಲ್ಲು ಬಟ್ಟೆ ಸುತ್ತಿಕೊಂಡೇ ಗೋಡೆಯೇರಿತು. ಉದ್ಘಾಟನೆಯ ದಿನ ಮೇಷ್ಟ್ರು ಸಭೆಯತ್ತ ನಗುತ್ತಲೇ ಬಟ್ಟೆ ಎಳೆದು, ಕೋಲು ಹಿಡಿದು ಶುರುಮಾಡಿದರು.

“ನಮ್ಮ ಪೂರ್ವಿಕರಿಗೆ ವೃಷಭ ಅಂದರೆ ಮಳೆ, ಬೆಳೆ, ಸಂತಾನ. ಈ ಹಿಣಿಲು ನೋಡಿ, ಬಲದ ಗುರುತು.” ಭಾಷಣ ಬಾಯಿಪಾಠವಾದ್ದರಿಂದ ಅವರು ಕಲ್ಲಿನ ಕಡೆ ತಿರುಗಲೇ ಇಲ್ಲ. ಕೋಲು ತಾನಾಗಿ ಹಿಂಗಾಲಿಗೆ ಇಳಿಯಿತು. “ಇನ್ನು ಇದು, ವಂಶ ಬೆಳೆಸುವ ಶಕ್ತಿ!”

ಕೋಲು ನುಣುಪು ಕಲ್ಲಿನ ಮೇಲೆ ಜಾರಿತು.

“ಸಾರ್, ಅದು ಎತ್ತು! ಬೀಜ ಹೊಡೆಸಿಬಿಟ್ಟಿದ್ದಾರೆ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ತಿರುಗಿ ನೋಡಿದ ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಂತಾಯಿತು.

“ಮಣ್ಣಲ್ಲಿ ಸರಿಯಾಗೇ ಮಾಡಿದ್ದೆಯಲ್ಲ!”

ಶಿಲ್ಪಿ ಎದ್ದು ನಿಂತಳು. “ಮಣ್ಣಲ್ಲಿ ನೀವು ಹೇಳಿದ್ದನ್ನ ಮಾಡಿದೆ. ಕಲ್ಲಲ್ಲಿ ನಾನು ಕಂಡಿದ್ದನ್ನ ಮಾಡಿದೆ.”

ನಗು ನಿಂತುಹೋಯಿತು. ಅವಳ ಹಳೆಯ ಕತೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ಕೆಳಗೆ ಬಿದ್ದಿದ್ದ ಬಟ್ಟೆಯನ್ನೆತ್ತಿ ಗೂಳಿಯ ಹಿಂಗಾಲಿಗೆ ಮರೆ ಹಿಡಿಯಲು ಹೋದರು. ಅದನ್ನು ಅವಳು ಕಣ್ತುಂಬ ನೋಡಿದಳು.

ಮುಂದಿನ ಸಾಲಿನಲ್ಲಿ ಎರಡನೆಯ ಹೆಂಡತಿ ಮೊದಲಿನಿಂದಲೂ ನಕ್ಕಿರಲಿಲ್ಲ. ಈಗ ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲರಿಗೂ ಕೇಳುವಂತೆ, ಆದರೆ ಮೆತ್ತಗೇ ಹೇಳಿದಳು.

“ರೀ, ನಾಳೆ ಆಸ್ಪತ್ರೆಗೆ ನಾನು ಬರಲ್ಲ. ಈ ಸಲ ನೀವೊಬ್ಬರೇ ಹೋಗಿ ಬನ್ನಿ.”